ರೋಗಾಣು ಸತ್ತ ಮೇಲೂ ದನ ಯಾಕೆ ಸಾಯುತ್ತೆ? ಬ್ಯಾಕ್ಟೀರಿಯಾ ವಿಷಗಳ ಲೆಕ್ಕ

ಹುಲ್ಲುಬಣವೆ:
ಕರುಗಳ ಸ್ನಾಯು ಕೊಳೆಸುವ ಚಪ್ಪೆ ಬೇನೆಯ ರೋಗಾಣುವಿಗೆ ಪೆನಿಸಿಲಿನ್ ಸೋಕಿದರೆ ಸಾಕು, ಲ್ಯಾಬಿನ ಪ್ಲೇಟಿನ ಮೇಲೆ ಸತ್ತು ಬೀಳುತ್ತೆ. ಆದರೂ ಊತ ಕಂಡ ಮೇಲೆ ಚುಚ್ಚಿದ ಕರುಗಳಲ್ಲಿ ಹೆಚ್ಚಿನವು ಉಳಿಯಲ್ಲ. ಇ. ಕೋಲಿ ಕೆಚ್ಚಲು ಬಾವಿನಲ್ಲಿ ಇನ್ನೂ ವಿಚಿತ್ರ. ಎಷ್ಟೋ ಸಲ ಹಾಲನ್ನು ರೋಗಾಣು ಬೆಳೆಸಿ ನೋಡುವ ಕಲ್ಚರ್‌ಗೆ ಹಾಕಿದರೆ ಏನೂ ಬೆಳೆಯಲ್ಲ, ಹಸು ಮಾತ್ರ ನೆಲ ಹಿಡಿದಿರುತ್ತೆ. ಎರಡಕ್ಕೂ "ವಿಷ ಏರಿತ್ತು" ಅಂತ ಒಂದೇ ಮಾತಲ್ಲಿ ಮುಗಿಸಿಬಿಡ್ತಾರೆ. ಯಾವ ವಿಷ, ಎಲ್ಲಿ ತಗಲುತ್ತೆ, ಯಾವ ಗಳಿಗೆವರೆಗೆ ಔಷಧಿಗೆ ಬೆಲೆ? ಗೊತ್ತಿರೋರು ಬಿಡಿಸಿ ಬರೀರಿ.

ಲ್ಯಾಬ್‌ಬೆಂಚು:
ಮೊದಲು ಎರಡು ಬುಟ್ಟಿ ಮಾಡ್ಕೊಳ್ಳೋಣ. ಒಂದು ಹೊರವಿಷ. ಬ್ಯಾಕ್ಟೀರಿಯಾ ಬದುಕಿದ್ದಾಗಲೇ ತಯಾರಿಸಿ ಹೊರಗೆ ಬಿಡುವ ಪ್ರೋಟೀನ್ ಇದು. ಪ್ರೋಟೀನ್ ಆದ್ದರಿಂದ ಫಾರ್ಮಲಿನ್ ಹಾಕಿ ಅದರ ಹಲ್ಲು ಕಿತ್ತು ಟಾಕ್ಸಾಯ್ಡ್ ಮಾಡಬಹುದು, ಅದರ ವಿರುದ್ಧ ಪ್ರತಿಕಾಯ ಹುಟ್ಟಿಸಬಹುದು. ಕ್ಲಾಸ್ಟ್ರಿಡಿಯಂ ಕುಟುಂಬ, ಆಂಥ್ರಾಕ್ಸ್ ಎಲ್ಲಾ ಈ ಬುಟ್ಟಿಗೆ. ಇನ್ನೊಂದು ಒಳವಿಷ, ಅಂದರೆ ಇ. ಕೋಲಿಯಂಥ ಗ್ರಾಂ ನೆಗೆಟಿವ್ ಬ್ಯಾಕ್ಟೀರಿಯಾದ ಹೊರಕವಚದಲ್ಲೇ ಇರುವ ಲಿಪೊಪಾಲಿಸ್ಯಾಕರೈಡ್. ಇದು ಕವಚದ ಇಟ್ಟಿಗೆ, ಬ್ಯಾಕ್ಟೀರಿಯಾ ಒಡೆದಾಗಲೇ ಜಾಸ್ತಿ ಉದುರೋದು. ಕುದಿಸಿದರೂ ಹೋಗಲ್ಲ, ಟಾಕ್ಸಾಯ್ಡ್ ಮಾಡಕ್ಕೂ ಬರಲ್ಲ.

ನಿಮ್ಮ ಎರಡು ಉದಾಹರಣೆ ಎರಡು ಬುಟ್ಟಿಯವು. ಸಾವು ಒಂದೇ ಥರ ಕಂಡರೂ ದಾರಿ ಬೇರೆ.

ಚಪ್ಪೆ ಬೇನೆಯ ಕ್ಲಾಸ್ಟ್ರಿಡಿಯಂ ಶೋವೆ ಮಣ್ಣಿನಿಂದ ಮೇವಿನ ಜೊತೆ ಹೊಟ್ಟೆಗೆ ಹೋಗಿ, ಬೀಜಕದ, ಅಂದರೆ ಗಟ್ಟಿ ಚಿಪ್ಪಿನೊಳಗೆ ನಿದ್ದೆ ಹೋದ, ರೂಪದಲ್ಲಿ ಸ್ನಾಯುವಿಗೆ ಬಂದು ಸುಮ್ಮನೆ ಮಲಗಿರುತ್ತೆ. ಗುದ್ದು ಬಿದ್ದೋ ಉಳುಕಿಯೋ ಆ ಜಾಗದ ರಕ್ತ ಸಂಚಾರ ಕಡಿದು ಆಮ್ಲಜನಕ ಇಳಿದಾಗ ಎದ್ದು ಕೂರುತ್ತೆ. 6 ತಿಂಗಳಿಂದ 2 ವರ್ಷದೊಳಗಿನ, ಮೈಕೈ ತುಂಬಿಕೊಂಡ ಕರುಗಳಿಗೇ ಜಾಸ್ತಿ ಬರೋದು. ಮುಖ್ಯ ಆಯುಧ ಸಿಸಿಟಿಎ ಅನ್ನೋ ವಿಷ, 2012ರಲ್ಲಿ ಗುರುತಿಸಿದ್ದು. ಜೀವಕೋಶದ ಪೊರೆಯಲ್ಲಿ ಪೀಪಾಯಿ ಆಕಾರದ ತೂತು ಕೊರೆಯುತ್ತೆ. ಜೊತೆಗೆ ಸಯಾಲಿಡೇಸ್, ಹಯಲುರೊನಿಡೇಸ್ ಕಿಣ್ವಗಳು ಅಂಗಾಂಶದ ಅಂಟು ಕರಗಿಸಿ ದಾರಿ ಬಿಡಿಸಿಕೊಡ್ತವೆ.

ಈಗ ಪೆನಿಸಿಲಿನ್ ಯಾಕೆ ಸೋಲುತ್ತೆ ನೋಡಿ. ಊತ ಮೊದಲು ಬಿಸಿಯಾಗಿ, ಮುಟ್ಟಿದರೆ ನೋಯುತ್ತೆ. ಕೆಲವೇ ಗಂಟೆಗಳಲ್ಲಿ ನಡುಭಾಗ ತಣ್ಣಗಾಗಿ ನೋವೇ ಇಲ್ಲದಂತಾಗುತ್ತೆ, ಒತ್ತಿದರೆ ಒಳಗೆ ಚರಚರ ಅನ್ನುತ್ತೆ. ತಣ್ಣಗಾಯ್ತು ಅಂದರೆ ಅಲ್ಲಿಗೆ ರಕ್ತ ಹೋಗ್ತಿಲ್ಲ ಅಂತ. ರಕ್ತ ಹೋಗದ ಕಡೆ ಔಷಧಿ ಹೋಗೋದೆಲ್ಲಿಂದ? ಕೊಯ್ದು ನೋಡಿದರೆ ಗೊತ್ತಾಗುತ್ತೆ: ನಡುವಿನ ಮಾಂಸ ಕಪ್ಪು, ಒಣಕಲು, ಸ್ಪಂಜಿನಂತೆ ತೂತುತೂತು, ಕಮಟು ಬೆಣ್ಣೆಯ ವಾಸನೆ. ಅಂಚಿನಲ್ಲಿ ಮಾತ್ರ ಒದ್ದೆ. ಪೆನಿಸಿಲಿನ್ ತಲುಪೋದು ಆ ಒದ್ದೆ ಅಂಚಿನವರೆಗೆ. ರೋಗ ಶುರುವಾಗಿ ಸಾವಿನವರೆಗೆ ಸಿಗೋದು ಹೆಚ್ಚೆಂದರೆ 12ರಿಂದ 48 ಗಂಟೆ. ಕುಂಟು ಕಾಣಿಸಿದ ಹೊತ್ತಿಗೇ, ಜ್ವರ ಇದ್ದಾಗಲೇ, ಕ್ರಿಸ್ಟಲಿನ್ ಪೆನಿಸಿಲಿನ್ ಪ್ರತಿ ಕೆ.ಜಿ.ಗೆ 40,000 ಯೂನಿಟ್‌ನಂತೆ ರಕ್ತನಾಳಕ್ಕೆ ಹೋದರೆ ಒಂದು ಅವಕಾಶ ಇದೆ. ಚರಚರ ಸದ್ದು ಬಂದ ಮೇಲೆ ಆ ಹಣವನ್ನ ಉಳಿದ ಕರುಗಳ ಲಸಿಕೆಗೆ ಹಾಕೋದೇ ಮೇಲು ಅಂತ ನನ್ನ ಅಭಿಪ್ರಾಯ.

ನಾಲ್ಕನೇಹೊಟ್ಟೆ:
ಒಂದು ಸೇರಿಕೆ. ಹೊರಗೆ ಊತವೇ ಕಾಣದ ಚಪ್ಪೆ ಬೇನೆಯೂ ಇದೆ. ಹೃದಯ, ವಪೆ, ನಾಲಿಗೆಯ ಬುಡ, ಇವೆಲ್ಲವೂ ಸ್ನಾಯುಗಳೇ. "ಏನೂ ಇರಲಿಲ್ಲ, ಬೆಳಿಗ್ಗೆ ಸತ್ತು ಬಿದ್ದಿತ್ತು" ಅನ್ನುವ ಪ್ರಕರಣಗಳಲ್ಲಿ ತೊಡೆ ಭುಜ ಮಾತ್ರ ನೋಡಿ ಬಿಟ್ಟರೆ ತಪ್ಪಿಹೋಗುತ್ತದೆ.

ಎಳೆಗರುಗಳ ವಿಷಯಕ್ಕೆ ಬರೋಣ, ಅಲ್ಲಿನ ರಸಾಯನ ಸೊಗಸಾಗಿದೆ. ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್ ಅನ್ನು ಅದು ಮಾಡುವ ವಿಷದ ಆಧಾರದ ಮೇಲೆ ಎ ಇಂದ ಜಿ ವರೆಗೆ ವಿಂಗಡಿಸುತ್ತಾರೆ. ದನಗಳ ಮಟ್ಟಿಗೆ ನೆನಪಿಡಬೇಕಾದದ್ದು ಆಲ್ಫಾ, ಬೀಟಾ, ಎಪ್ಸಿಲಾನ್. ಟೈಪ್ ಸಿ ಮಾಡುವ ಬೀಟಾ ವಿಷವನ್ನು ಟ್ರಿಪ್ಸಿನ್ ಎಂಬ ಜೀರ್ಣಕಿಣ್ವ ಕತ್ತರಿಸಿ ಹಾಕುತ್ತದೆ. ದೊಡ್ಡ ದನದ ಕರುಳಿನಲ್ಲಿ ಟ್ರಿಪ್ಸಿನ್ ಧಾರಾಳ, ಹಾಗಾಗಿ ಟೈಪ್ ಸಿ ಅಲ್ಲಿ ಅಷ್ಟಾಗಿ ತಲೆ ಎತ್ತುವುದಿಲ್ಲ. ಹುಟ್ಟಿದ ಕರುವಿನಲ್ಲಿ ಟ್ರಿಪ್ಸಿನ್ ಕಡಿಮೆ, ಮೇಲಾಗಿ ಗಿಣ್ಣು ಹಾಲಿನಲ್ಲೇ ಟ್ರಿಪ್ಸಿನ್ ತಡೆಯುವ ವಸ್ತು ಇದೆ. ಹಾಗಾಗಿ ಮೊದಲ ಕೆಲವು ದಿನ ಬೀಟಾ ವಿಷಕ್ಕೆ ಹಬ್ಬ. ಕರುಳಿನ ಒಳಪದರ ಕೊಳೆತು ರಕ್ತ ಭೇದಿ, ಹೊಟ್ಟೆನೋವು, ಕೆಲವೊಮ್ಮೆ ಭೇದಿ ಶುರುವಾಗುವ ಮೊದಲೇ ಸಾವು.

ಟೈಪ್ ಡಿ ಮಾಡುವ ಎಪ್ಸಿಲಾನ್ ಇದರ ತದ್ವಿರುದ್ಧ. ಅದು ಹೊರಬರುವಾಗ ಬಹುಮಟ್ಟಿಗೆ ನಿಷ್ಕ್ರಿಯ, ಟ್ರಿಪ್ಸಿನ್ ಒಂದು ತುಂಡು ಕತ್ತರಿಸಿದ ಮೇಲೆಯೇ ವಿಷವಾಗುತ್ತದೆ. ಹಾಲು ಅಥವಾ ಪಿಷ್ಟ ಒಮ್ಮೆಲೇ ಜಾಸ್ತಿಯಾಗಿ ಜೀರ್ಣವಾಗದೆ ಸಣ್ಣ ಕರುಳಿಗೆ ಇಳಿದರೆ ಬ್ಯಾಕ್ಟೀರಿಯಾಕ್ಕೆ ಊಟ. ವಿಷ ರಕ್ತಕ್ಕೆ ಸೇರಿ ಮಿದುಳು, ಶ್ವಾಸಕೋಶದ ರಕ್ತನಾಳ ಸೋರುವಂತೆ ಮಾಡುತ್ತದೆ. ಕುರಿಗಳಲ್ಲಿ ಹೆಸರುವಾಸಿ, ಕರುಗಳಲ್ಲಿ ಕಡಿಮೆ, ಆದರೆ ಆಗುತ್ತದೆ.

ಹುಲ್ಲುಬಣವೆ:
ಗಿಣ್ಣು ಹಾಲೇ ಟ್ರಿಪ್ಸಿನ್ ತಡೆಯುತ್ತೆ ಅಂದರೆ, ಗಿಣ್ಣು ಕಡಿಮೆ ಕುಡಿಸೋದು ಒಳ್ಳೇದು ಅಂತ ಯಾರಾದರೂ ಅರ್ಥ ಮಾಡ್ಕೊಂಡುಬಿಡ್ತಾರೆ!

ನಾಲ್ಕನೇಹೊಟ್ಟೆ:
ದಯವಿಟ್ಟು ಹಾಗೆ ಓದಬೇಡಿ. ಆ ತಡೆ ಇರುವುದೇ ಗಿಣ್ಣಿನ ಪ್ರತಿಕಾಯಗಳು ಕರುಳಿನಲ್ಲಿ ಜೀರ್ಣವಾಗಿ ಹಾಳಾಗದಿರಲಿ ಎಂದು. ತಾಯಿಗೆ ಲಸಿಕೆಯಾಗಿದ್ದರೆ ಅದೇ ಗಿಣ್ಣಿನಲ್ಲಿ ಬೀಟಾ ವಿಷವನ್ನು ಹಿಡಿದುಹಾಕುವ ಪ್ರತಿಕಾಯವೂ ಇರುತ್ತದೆ. ಲಸಿಕೆಯಿಲ್ಲದ ತಾಯಿಯ ಗಿಣ್ಣಿನಲ್ಲಿ ಬಾಗಿಲು ತೆರೆದಿದೆ, ಕಾವಲುಗಾರನಿಲ್ಲ. ತೊಂದರೆ ಇರುವುದು ಅಲ್ಲಿ.

ತಾಯಿಗೆ ಮೊದಲ ಸಲವಾದರೆ ಎರಡು ಡೋಸ್, ಎರಡನೆಯದು ಕರು ಹಾಕುವ 3ರಿಂದ 6 ವಾರ ಮುಂಚೆ. ಹಿಂದೆ ಹಾಕಿಸಿದ್ದರೆ ಅದೇ ಸಮಯಕ್ಕೆ ಒಂದು ಬೂಸ್ಟರ್. ಗಿಣ್ಣು ಕರುವಿನ ತೂಕದ ಶೇ. 10ರಷ್ಟು, 40 ಕೆ.ಜಿ. ಕರುವಿಗೆ 4 ಲೀಟರ್, ಆದಷ್ಟು ಮೊದಲ 2 ಗಂಟೆಯೊಳಗೆ, ತಡವೆಂದರೆ 6 ಗಂಟೆ. ಗಿಣ್ಣಿನ ಸಾಂದ್ರತೆ ತೋರಿಸುವ ಬ್ರಿಕ್ಸ್ ಮಾಪಕದಲ್ಲಿ 22 ಅಥವಾ ಮೇಲಿದ್ದರೆ ಗಿಣ್ಣು ಗಟ್ಟಿ. 24 ಗಂಟೆಯ ಹೊತ್ತಿಗೆ ಕರುಳು ಪ್ರತಿಕಾಯವನ್ನು ರಕ್ತಕ್ಕೆ ಬಿಟ್ಟುಕೊಳ್ಳುವುದು ನಿಲ್ಲುತ್ತದೆ.

ಕರುಮನೆ:
ಎಳೆಗರು ಅಂದಮೇಲೆ ಇ. ಕೋಲಿ ಭೇದಿಯನ್ನೂ ಹೇಳ್ಬೇಕು. ಎಫ್5 ಅನ್ನೋ ಕೊಕ್ಕೆಯಿಂದ ಕರುಳಿಗೆ ಅಂಟಿಕೊಳ್ಳುವ ಜಾತಿ ಇದು, ಹಿಂದೆ ಕೆ99 ಅಂತಿದ್ದರು. ಆ ಕೊಕ್ಕೆ ಸಿಕ್ಕಿಕೊಳ್ಳುವ ಗುಬಟು ಕರುವಿನ ಕರುಳಿನಲ್ಲಿ ಮೊದಲ ನಾಲ್ಕೈದು ದಿನ ಮಾತ್ರ ಚೆನ್ನಾಗಿರುತ್ತೆ. ಹತ್ತು ದಿನದ ಕರುವಿನ ಭೇದಿಗೆ ಇದನ್ನ ದೂರೋದು ಬಹುತೇಕ ತಪ್ಪು, ಅಲ್ಲಿ ರೋಟಾ ವೈರಸ್, ಕ್ರಿಪ್ಟೊಸ್ಪೊರಿಡಿಯಂ ಹುಡುಕಿ.

ಇದರ ವಿಷ ಎಸ್‌ಟಿಎ, ಬರೀ 18 ಅಮೈನೊ ಆಮ್ಲದ ಪುಟಾಣಿ. ಕೋಶವನ್ನ ಕೊಲ್ಲಲ್ಲ, ನಲ್ಲಿ ತಿರುಗಿಸಿ ಬಿಡುತ್ತೆ ಅಷ್ಟೆ. ಕ್ಲೋರೈಡ್ ಹೊರಗೆ, ಹಿಂದೆಯೇ ನೀರು. ಕರುಳಿನ ರೋಮಗಳು ಹಾಳಾಗಿರಲ್ಲ, ಗ್ಲೂಕೋಸ್ ಜೊತೆ ಸೋಡಿಯಂ ಎಳೆದುಕೊಳ್ಳುವ ಬಾಗಿಲು ಹಾಗೇ ಇರುತ್ತೆ. ಬಾಯಿಂದ ಕೊಡುವ ಲವಣ ದ್ರಾವಣ ಇಲ್ಲಿ ಅಷ್ಟು ಚೆನ್ನಾಗಿ ಹತ್ತೋದು ಅದಕ್ಕೇ. 40 ಕೆ.ಜಿ. ಕರು ಶೇ. 8ರಷ್ಟು ಒಣಗಿದೆ ಅಂದರೆ 3.2 ಲೀಟರ್ ಬಾಕಿ. ಅದರ ಮೇಲೆ ದಿನದ ಖರ್ಚು, ಹರಿದುಹೋಗುತ್ತಿರುವ ಭೇದಿಯ ಲೆಕ್ಕ ಬೇರೆ. ಸಲಕ್ಕೆ 2 ಲೀಟರ್ ಮೀರದಂತೆ ದಿನಕ್ಕೆ ಮೂರ್ನಾಲ್ಕು ಸಲ. ಹಾಲು ನಿಲ್ಲಿಸಬೇಡಿ, ಆದರೆ ಬೈಕಾರ್ಬನೇಟ್ ಇರುವ ದ್ರಾವಣವನ್ನ ಹಾಲಿಗೆ ಬೆರೆಸಬೇಡಿ, ನಾಲ್ಕನೇ ಹೊಟ್ಟೆಯಲ್ಲಿ ಹಾಲು ಗಟ್ಟಿಯಾಗಲ್ಲ. ಚೀಪುವ ಶಕ್ತಿ ಇಲ್ಲ, ಎದ್ದು ನಿಲ್ಲಲ್ಲ ಅಂದರೆ ಬಾಯಿ ದಾರಿ ಮರೆತುಬಿಡಿ, ರಕ್ತನಾಳಕ್ಕೇ ದ್ರವ ಹೋಗಬೇಕು.

ಕೆಚ್ಚಲುಕಾವಲು:
ಎರಡನೇ ಬುಟ್ಟಿ ನನ್ನದು. ಇ. ಕೋಲಿ ಕೆಚ್ಚಲಿಗೆ ಹೊಕ್ಕ ಮೇಲೆ ಬಿರುಸಾಗಿ ಬೆಳೆಯುತ್ತದೆ. ಬಿಳಿ ರಕ್ತಕಣಗಳು ನುಗ್ಗಿ ಬಂದು ಅಷ್ಟೇ ಬಿರುಸಾಗಿ ಕೊಲ್ಲುತ್ತವೆ. ಸತ್ತ ಪ್ರತಿಯೊಂದು ಬ್ಯಾಕ್ಟೀರಿಯಾ ಕವಚದ ಒಳವಿಷ ಉದುರಿಸುತ್ತದೆ. ಅದು ಟಿಎಲ್‌ಆರ್4 ಎಂಬ ಗ್ರಾಹಕವನ್ನು ತಟ್ಟಿದೊಡನೆ ಹಸುವಿನ ದೇಹವೇ ಸೈಟೊಕೈನ್ ಎಂಬ ಉರಿಯೂತದ ಸಂದೇಶಕಗಳನ್ನು ಸುರಿಸುತ್ತದೆ. ಜ್ವರ, ಮೆಲುಕು ನಿಲ್ಲುವುದು, ರಕ್ತದೊತ್ತಡ ಕುಸಿತ, ಕ್ಯಾಲ್ಸಿಯಂ ಇಳಿತ ಎಲ್ಲವೂ ಅಲ್ಲಿಂದ. ಹಾಲು ತಿಳಿಯಾಗಿ ನೀರಿನಂತೆ, ಹಳದಿ ಬಣ್ಣಕ್ಕೆ ತಿರುಗುವಷ್ಟರಲ್ಲಿ ಬ್ಯಾಕ್ಟೀರಿಯಾ ಸಂಖ್ಯೆ ಆಗಲೇ ಇಳಿಮುಖ. ಕಲ್ಚರ್ ಖಾಲಿ ಬರುವುದು ಅದಕ್ಕೆ. ಬೆಂಕಿ ಆರಿದೆ, ಮನೆ ಹೊಗೆಯಲ್ಲಿದೆ.

ಹಾಗಾಗಿ ನೆಲ ಹಿಡಿದ ಹಸುವಿಗೆ ಮೊದಲು ಕೈ ಹಾಕಬೇಕಾದದ್ದು ರಕ್ತ ಸಂಚಾರಕ್ಕೆ. ಶೇ. 7.2ರ ಉಪ್ಪಿನ ದ್ರಾವಣ, ಪ್ರತಿ ಕೆ.ಜಿ.ಗೆ 4ರಿಂದ 5 ಮಿ.ಲೀ., 500 ಕೆ.ಜಿ. ಹಸುವಿಗೆ 2ರಿಂದ 2.5 ಲೀಟರ್, ಕುತ್ತಿಗೆಯ ರಕ್ತನಾಳಕ್ಕೆ ಸುಮಾರು 5ರಿಂದ 10 ನಿಮಿಷದಲ್ಲಿ. ಅದು ದೇಹದ ಬೇರೆಡೆಯ ನೀರನ್ನು ರಕ್ತಕ್ಕೆ ಎಳೆಯುತ್ತದೆ, ಹಾಗಾಗಿ ಕೂಡಲೇ ಮುಂದೆ ಬಕೆಟ್ ಇಡಿ. ತಾನಾಗಿ ಕುಡಿಯದಿದ್ದರೆ 20 ಲೀಟರಿಗೆ ಕಡಿಮೆಯಿಲ್ಲದಂತೆ ಕೊಳವೆಯಲ್ಲಿ ಹೊಟ್ಟೆಗೆ ಹೋಗಲೇಬೇಕು. ಈ ನೀರಿನ ಹೆಜ್ಜೆ ಬಿಟ್ಟರೆ ಉಪ್ಪಿನ ದ್ರಾವಣ ಉಪಕಾರಕ್ಕಿಂತ ಅಪಕಾರ. ಆಮೇಲೆ ನೋವು, ಜ್ವರ, ಉರಿಯೂತ ಇಳಿಸುವ ಫ್ಲುನಿಕ್ಸಿನ್ ಪ್ರತಿ ಕೆ.ಜಿ.ಗೆ 2.2 ಮಿ.ಗ್ರಾಂ., ರಕ್ತನಾಳಕ್ಕೆ ಮಾತ್ರ. ಕ್ಯಾಲ್ಸಿಯಂ ಬೇಕೆನಿಸಿದರೆ ಚರ್ಮದಡಿ ಕೊಡುವುದು ಕ್ಷೇಮ. ಒಳವಿಷದಿಂದ ಬಳಲಿದ ಹೃದಯಕ್ಕೆ ರಕ್ತನಾಳದ ಕ್ಯಾಲ್ಸಿಯಂ ಬೇಗ ಬಿಟ್ಟರೆ ಅಲ್ಲೇ ನಿಂತುಹೋಗಬಹುದು.

ಲ್ಯಾಬ್‌ಬೆಂಚು:
"ರಕ್ತನಾಳಕ್ಕೆ ಮಾತ್ರ" ಅನ್ನೋದಕ್ಕೆ ಅಡಿಗೆರೆ ಎಳೀರಿ. ಫ್ಲುನಿಕ್ಸಿನ್ ಸ್ನಾಯುವಿಗೆ ಚುಚ್ಚಿದರೆ ಅಲ್ಲಿನ ಮಾಂಸ ಸಾಯುತ್ತೆ. ಸತ್ತ ಮಾಂಸ, ಆಮ್ಲಜನಕ ಇಲ್ಲ, ಕೊಳೆ ಸೂಜಿ ಸೇರಿದರೆ ಮೊದಲನೇ ಬುಟ್ಟಿಯ ಕ್ಲಾಸ್ಟ್ರಿಡಿಯಂ ಸೆಪ್ಟಿಕಂಗೆ ಆಹ್ವಾನ ಪತ್ರಿಕೆ ಕೊಟ್ಟ ಹಾಗೆ.

ಹುಲ್ಲುಬಣವೆ:
ಹಾಗಾದರೆ ಕೋಲಿಫಾರ್ಮ್, ಅಂದರೆ ಇ. ಕೋಲಿ ಥರದ, ಕೆಚ್ಚಲು ಬಾವಿಗೆ ಆ್ಯಂಟಿಬಯೋಟಿಕ್ ಬೇಡವೇ ಬೇಡ? ಕೊಟ್ಟರೆ ಇನ್ನಷ್ಟು ಒಡೆದು ವಿಷ ಜಾಸ್ತಿ ಆಗುತ್ತಲ್ಲ?

ಕೆಚ್ಚಲುಕಾವಲು:
ಆ ಭಯವನ್ನು ಸ್ವಲ್ಪ ಅತಿಯಾಗಿ ಹೇಳಲಾಗುತ್ತದೆ. ಸೌಮ್ಯ ಬಾವಿನಲ್ಲಿ, ಹಾಲಿನಲ್ಲಿ ಗರಣೆ ಬಿಟ್ಟರೆ ಹಸು ಚೆನ್ನಾಗಿದ್ದಾಗ, ಕೊಡದೆ ಕಾದು ಕಲ್ಚರ್ ನೋಡುವುದು ಸರಿ. ಹಸು ಮಲಗಿಬಿಟ್ಟಿದ್ದರೆ ಕಥೆ ಬೇರೆ. ತೀವ್ರ ಬಾವಿನಲ್ಲಿ ಬ್ಯಾಕ್ಟೀರಿಯಾ ರಕ್ತಕ್ಕೂ ಸೇರುವುದುಂಟು, ಅಲ್ಲಿ ಗ್ರಾಂ ನೆಗೆಟಿವ್‌ಗೆ ಹತ್ತುವ ಔಷಧಿಯನ್ನು ವೈದ್ಯರು ಇಂಜೆಕ್ಷನ್ ಮೂಲಕ ಕೊಡಲೇಬೇಕು. ಕೆಚ್ಚಲಿಗೆ ಟ್ಯೂಬ್ ಏರಿಸಿ ಸುಮ್ಮನಾಗುವುದೇ ದೊಡ್ಡ ತಪ್ಪು. ಜೆ5 ಲಸಿಕೆಯ ಬಗ್ಗೆಯೂ ಒಂದು ಮಾತು: ಅದು ಹೊರಗಿನ ಸಕ್ಕರೆ ಸರಪಳಿ ಕಳೆದುಕೊಂಡ ಇ. ಕೋಲಿ. ಬಾವು ಬರುವುದನ್ನೇ ನಿಲ್ಲಿಸುತ್ತದೆ ಎಂದು ಕೊಂಡರೆ ನಿರಾಸೆ. ಬಂದಾಗ ಹಸು ಮಲಗದಂತೆ ನೋಡಿಕೊಳ್ಳುತ್ತದೆ.

ಸ್ಟ್ಯಾಫಿಲೊಕಾಕಸ್ ಆರಿಯಸ್ ಮಾತ್ರ ಕೆಚ್ಚಲಿನಲ್ಲಿದ್ದರೂ ಮೊದಲ ಬುಟ್ಟಿಯದು. ಅದರ ಆಲ್ಫಾ ವಿಷ ರಕ್ತನಾಳ ಬಿಗಿದು ಕೆಚ್ಚಲನ್ನೇ ಕೊಳೆಸಬಲ್ಲದು. ಒಂದು ಭಾಗ ನೀಲಿಗಟ್ಟಿ ತಣ್ಣಗಾದರೆ, ಆ ಭಾಗ ಹೋಯಿತೆಂದೇ ಲೆಕ್ಕ.

ಸೂಕ್ಷ್ಮದರ್ಶಿ:
ಧನುರ್ವಾಯು ಮತ್ತು ಬಾಟುಲಿಸಂ (ಬಾಟುಲಿನಂ ವಿಷದಿಂದ ಮೈ ಸೋಲುವ ರೋಗ) ಬಗ್ಗೆ ಯಾರೂ ಬರೆದಿಲ್ಲ, ಇವೆರಡನ್ನು ಅಕ್ಕಪಕ್ಕ ಇಟ್ಟು ನೋಡಬೇಕು. ಎರಡೂ ಸುಮಾರು 150 ಕಿಲೊಡಾಲ್ಟನ್ ತೂಕದ ಪ್ರೋಟೀನ್, ಎರಡರ ಕತ್ತರಿಯಲ್ಲೂ ಸತು. ಧನುರ್ವಾಯು ವಿಷವೂ, ದನಗಳನ್ನು ಕಾಡುವ ಬಾಟುಲಿನಂ ಡಿ ವಿಷವೂ ಕತ್ತರಿಸುವುದು ನರ ತನ್ನ ಸಂದೇಶ ಹೊರಬಿಡಲು ಬಳಸುವ ಸಿನಾಪ್ಟೊಬ್ರೆವಿನ್ ಎಂಬ ಒಂದೇ ಪ್ರೋಟೀನನ್ನು. ಆದರೂ ಒಂದರಲ್ಲಿ ದನ ಮರದ ಕುದುರೆಯಂತೆ ಸೆಟೆದು ನಿಲ್ಲುತ್ತದೆ, ಇನ್ನೊಂದರಲ್ಲಿ ಒದ್ದೆ ಬಟ್ಟೆಯಂತೆ ಜೋತುಬೀಳುತ್ತದೆ. ಕತ್ತರಿ ಒಂದೇ, ಕತ್ತರಿಸುವ ಜಾಗ ಬೇರೆ. ಬಾಟುಲಿನಂ ವಿಷ ನರ ಸ್ನಾಯುವನ್ನು ಮುಟ್ಟುವ ತುದಿಯಲ್ಲೇ ಉಳಿದು, ಸ್ನಾಯುವಿಗೆ ಸಂದೇಶ ಒಯ್ಯುವ ಅಸೆಟೈಲ್‌ಕೋಲಿನ್ ಬಿಡುಗಡೆ ನಿಲ್ಲಿಸುತ್ತದೆ. ಧನುರ್ವಾಯು ವಿಷ ಅದೇ ನರದ ಒಳಗೆ ಹಿಮ್ಮುಖವಾಗಿ ಬೆನ್ನುಹುರಿಗೆ ಏರಿ, "ಸಾಕು, ಸಡಿಲಿಸು" ಎಂದು ಹೇಳುವ ನರಗಳ ಬಾಯಿ ಮುಚ್ಚಿಸುತ್ತದೆ.

ಕೊಟ್ಟಿಗೆಯಲ್ಲಿ ಗುರುತು: ಧನುರ್ವಾಯುವಿನಲ್ಲಿ ಗದ್ದ ಮೇಲೆತ್ತಿದರೆ ಮೂರನೇ ರೆಪ್ಪೆ ಕಣ್ಣಿನ ಅಡ್ಡಕ್ಕೆ ಚಿಮ್ಮುತ್ತದೆ, ಬಾಲ ಪಂಪಿನ ಹಿಡಿಯಂತೆ ಎದ್ದು ನಿಲ್ಲುತ್ತದೆ, ಹೊಟ್ಟೆ ಉಬ್ಬರ ಬೇಗ ಬರುತ್ತದೆ. ಬಾಟುಲಿಸಂನಲ್ಲಿ ನಾಲಿಗೆ ಹೊರಗೆಳೆದು ಬಿಟ್ಟರೆ ಹಿಂದಕ್ಕೆ ಎಳೆದುಕೊಳ್ಳುವುದಿಲ್ಲ, ಜೊಲ್ಲು, ಹಿಂಗಾಲಿನಿಂದ ಮುಂದಕ್ಕೆ ಸೋಲು. ಜ್ವರವಿಲ್ಲ, ಎಚ್ಚರ ಪೂರ್ತಿ ಇರುತ್ತದೆ.

ಬಾಟುಲಿಸಂನಲ್ಲಿ ಮಾಡಬಾರದ ಎರಡು ಕೆಲಸ. ಬಾಯಿಗೆ ಔಷಧಿ ಸುರಿಯಬೇಡಿ, ನುಂಗಲಾಗದೆ ಶ್ವಾಸಕೋಶಕ್ಕೆ ಹೋಗುತ್ತದೆ. ಜೆಂಟಾಮೈಸಿನ್, ಸ್ಟ್ರೆಪ್ಟೊಮೈಸಿನ್ ಗುಂಪಿನ ಔಷಧಿ ಬೇಡ, ಅವೂ ನರ ಮತ್ತು ಸ್ನಾಯುವಿನ ನಡುವಿನ ಸಂದೇಶವನ್ನೇ ತಡೆಯುತ್ತವೆ. ಮೂಲ ಹುಡುಕಿ: ಸೈಲೇಜಿನಲ್ಲೋ ಮೇವಿನ ಕಟ್ಟಿನಲ್ಲೋ ಸಿಕ್ಕಿ ಕೊಳೆತ ಇಲಿ, ಬೆಕ್ಕು, ಹಾವು, ಕೋಳಿ ಗೊಬ್ಬರ, ರಂಜಕದ ಕೊರತೆಯಿಂದ ದನ ಮೂಳೆ ಅಗಿಯುವುದು. ರಕ್ತದಲ್ಲಿ ವಿಷ ಸಿಗಲಿಲ್ಲ ಎಂದು ಲ್ಯಾಬ್ ಹೇಳಿದರೆ ರೋಗ ಅಲ್ಲವೆಂದು ತೀರ್ಮಾನಿಸಬೇಡಿ. ಇಲಿಮರಿಗೆ ಚುಚ್ಚಿ ನೋಡುವ ಪರೀಕ್ಷೆಗೆ ಸಿಗದಷ್ಟು ಕಡಿಮೆ ವಿಷವೇ ದನವನ್ನು ಮಲಗಿಸಲು ಸಾಕು.

ಪ್ರತಿವಿಷದ ಮಿತಿಯೂ ಇಲ್ಲೇ ಇದೆ. ರಕ್ತದಲ್ಲಿ ಅಲೆಯುತ್ತಿರುವ ವಿಷವನ್ನು ಮಾತ್ರ ಅದು ಹಿಡಿಯುತ್ತದೆ, ನರದೊಳಗೆ ಹೊಕ್ಕಿದ್ದು ಅದರ ಕೈಗೆ ಸಿಗುವುದಿಲ್ಲ. ಹೊಕ್ಕಿದ್ದು ವಾರಗಟ್ಟಲೆ ಕೆಲಸ ಮಾಡುತ್ತದೆ. ಆದ್ದರಿಂದ ಧನುರ್ವಾಯುವಿನಲ್ಲಿ ಗಾಯ ಕೊಯ್ದು ತೊಳೆಯುವ ಮೊದಲು ಪ್ರತಿವಿಷ ಕೊಟ್ಟಿರಬೇಕು, ಕೊಯ್ಯುವಾಗ ಇನ್ನಷ್ಟು ವಿಷ ರಕ್ತಕ್ಕೆ ಸೇರುತ್ತದೆ.

ಲ್ಯಾಬ್‌ಬೆಂಚು:
ಮೂಲ ಪ್ರಶ್ನೆಗೆ ಅತಿ ನೇರ ಉತ್ತರ ಆಂಥ್ರಾಕ್ಸ್, ಅಂದರೆ ನೆರಡಿ ರೋಗದಲ್ಲಿದೆ. 1950ರ ದಶಕದಲ್ಲಿ ಹ್ಯಾರಿ ಸ್ಮಿತ್, ಜೇಮ್ಸ್ ಕೆಪ್ಪಿ ಮತ್ತು ಸಂಗಡಿಗರು ಗಿನಿಪಿಗ್‌ಗಳಲ್ಲಿ ತೋರಿಸಿದ್ದು: ರಕ್ತದಲ್ಲಿ ಬ್ಯಾಕ್ಟೀರಿಯಾ ಒಂದು ಮಟ್ಟ ದಾಟಿದ ಮೇಲೆ ಸ್ಟ್ರೆಪ್ಟೊಮೈಸಿನ್ ಕೊಟ್ಟರೆ ರಕ್ತ ಶುದ್ಧವಾಗುತ್ತೆ, ಪ್ರಾಣಿ ಆದರೂ ಸಾಯುತ್ತೆ. ಆ ಪ್ಲಾಸ್ಮಾದಲ್ಲೇ ವಿಷ ಸಿಕ್ಕಿತು. ಈಗ ಗೊತ್ತಿರೋ ಹಾಗೆ ಅದು ಮೂರು ಪ್ರೋಟೀನುಗಳ ಕೂಟ. ಒಂದು ಪ್ರೋಟೀನ್, ಜೀವಕೋಶದ ಮೇಲೆ ಕೂತು ಬಾಗಿಲಾಗುತ್ತೆ, ಉಳಿದೆರಡು ಆ ಬಾಗಿಲಿಂದ ಒಳಹೊಕ್ಕು ಕೋಶದ ಸಂದೇಶ ವ್ಯವಸ್ಥೆ ಕೆಡಿಸ್ತವೆ. ಬಾಗಿಲಿಲ್ಲದಿದ್ದರೆ ಅವೆರಡೂ ನಿರುಪದ್ರವಿ.

ದಿಢೀರ್ ಸಾವು, ಮೂಗು ಗುದದಲ್ಲಿ ಹೆಪ್ಪುಗಟ್ಟದ ಕಪ್ಪು ರಕ್ತ, ಮೈ ಸರಿಯಾಗಿ ಸೆಟೆಯದಿರುವುದು ಕಂಡರೆ ಕಳೇಬರ ಕೊಯ್ಯಲೇಬೇಡಿ, ಗಾಳಿ ತಗುಲಿದರೆ ಬೀಜಕವಾಗುತ್ತೆ. ಕಿವಿಯ ರಕ್ತನಾಳದಿಂದ ಒಂದು ತೊಟ್ಟು ರಕ್ತದ ಲೇಪ ಸಾಕು. ಪಾಲಿಕ್ರೋಮ್ ಮೆಥಿಲೀನ್ ಬ್ಲೂ ಬಣ್ಣ ಹಾಕಿದರೆ ನೀಲಿ ಕಡ್ಡಿಗಳ ಸುತ್ತ ಗುಲಾಬಿ ಪೊರೆ ಕಾಣುತ್ತೆ.

ಇನ್ನೊಂದು ತಿದ್ದುಪಡಿ, ಯಾರೂ ಕೇಳದಿದ್ದರೂ: ಗಳಲೆ ರೋಗವನ್ನೂ ಹೊರವಿಷದ ಪಟ್ಟಿಗೆ ಸೇರಿಸೋರಿದ್ದಾರೆ. ಅದನ್ನ ತರುವ ಪಾಶ್ಚುರೆಲ್ಲಾ ಮಲ್ಟೊಸಿಡಾ ಬಿ:2 ಕೊಲ್ಲೋದು ಮುಖ್ಯವಾಗಿ ಒಳವಿಷದಿಂದ.

ಕರುಮನೆ:
ಈಗ ಕೊನೇ ಗೋಳು, ಮಾದರಿ ಕಳಿಸೋದು. "ಪರ್ಫ್ರಿಂಜೆನ್ಸ್ ಬೆಳೆಯಿತು" ಅನ್ನೋ ವರದಿ ಹಿಡ್ಕೊಂಡು ಕರುಳುವಿಷ ರೋಗ ಅಂತ ತೀರ್ಪು ಕೊಡ್ತಾರಲ್ಲ?

ನಾಲ್ಕನೇಹೊಟ್ಟೆ:
ಅದು ತೀರ್ಪಲ್ಲ. ಆರೋಗ್ಯವಂತ ಕರುವಿನ ಕರುಳಿನಲ್ಲೂ ಪರ್ಫ್ರಿಂಜೆನ್ಸ್ ಇರುತ್ತದೆ, ಸತ್ತ ಮೇಲಂತೂ ಎಲ್ಲೆಡೆ ಹರಡುತ್ತದೆ. ಬೇಕಿರುವುದು ವಿಷದ ಪುರಾವೆ. ಆಂಥ್ರಾಕ್ಸ್ ಅಲ್ಲವೆಂದು ಖಚಿತವಾದ ಮೇಲೆ, ಸತ್ತ ಕೆಲವೇ ಗಂಟೆಗಳೊಳಗೆ, ಸಣ್ಣ ಕರುಳಿನ ರಕ್ತಗೆಂಪಾದ ಭಾಗದ ಒಳದ್ರವ 20 ಮಿ.ಲೀ. ತಿರುಪು ಮುಚ್ಚಳದ ಬಾಟಲಿಗೆ. 10 ಮಿ.ಲೀ.ಗೆ ಒಂದು ಹನಿ ಕ್ಲೋರೊಫಾರ್ಮ್ ಹಾಕಿದರೆ ಹುದುಗಿ ಸಿಡಿಯುವುದಿಲ್ಲ, ಆದರೆ ಕಲ್ಚರ್‌ಗೆ ಬೇರೆ ಬಾಟಲಿ ಇಡಬೇಕು. ಕೂಡಲೇ ಮಂಜುಗಡ್ಡೆ. ಬೆಚ್ಚಗೆ ಬಿಟ್ಟರೆ ಬೀಟಾ ವಿಷವನ್ನು ಬಾಟಲಿಯಲ್ಲಿರುವ ಟ್ರಿಪ್ಸಿನ್ನೇ ತಿಂದುಹಾಕುತ್ತದೆ. ಎಪ್ಸಿಲಾನ್ ಶಂಕೆಯಿದ್ದರೆ ಮಿದುಳನ್ನು ಫಾರ್ಮಲಿನ್‌ನಲ್ಲಿ ಕಳಿಸಿ. ಚಪ್ಪೆ ಬೇನೆಗೆ ಕಪ್ಪು ಮಾಂಸದ ತುಂಡು ಮತ್ತು ಒತ್ತಿ ತೆಗೆದ ಲೇಪ. ತಡವಾದರೆ ಕರುಳಿನಿಂದ ಸೆಪ್ಟಿಕಂ ಬಂದು ಶೋವೆಯನ್ನು ಮುಚ್ಚಿಹಾಕುತ್ತದೆ.

ಹುಲ್ಲುಬಣವೆ:
ಲಸಿಕೆ ಹಾಕಿಸಿಯೂ ಚಪ್ಪೆ ಬಂತು ಅಂದರೆ ಮೊದಲು ಎಲ್ಲಿ ನೋಡ್ಬೇಕು?

ಲ್ಯಾಬ್‌ಬೆಂಚು:
ಫ್ರಿಜ್ಜಿನಲ್ಲಿ. ಈ ಲಸಿಕೆಗಳಲ್ಲಿ ಹಲವು ಆಲಂ, ಅಂದರೆ ಅಲ್ಯೂಮಿನಿಯಂ ಲವಣದ, ಜೆಲ್ ಮೇಲೆ ಕೂತಿರ್ತವೆ. ಟಾಕ್ಸಾಯ್ಡಿಗೆ ಆಲಂ ಸೇರಿಸಿದರೆ ಬಲ ಹೆಚ್ಚುತ್ತೆ ಅಂತ ಅಲೆಕ್ಸಾಂಡರ್ ಗ್ಲೆನಿ 1926ರಲ್ಲೇ ತೋರಿಸಿದ್ದ. 2ರಿಂದ 8 ಡಿಗ್ರಿಯಲ್ಲಿ ಇಡಬೇಕು. ಹೆಪ್ಪುಗಟ್ಟಿದರೆ ಜೆಲ್ ಒಡೆದು ಗರಣೆಯಾಗುತ್ತೆ, ಕರಗಿದ ಮೇಲೆ ಬಾಟಲಿ ನೋಡಿದರೆ ತಕ್ಷಣಕ್ಕೆ ಗೊತ್ತಾಗಲ್ಲ. ಅನುಮಾನದ ಬಾಟಲಿಯನ್ನೂ ಹೆಪ್ಪುಗಟ್ಟಿಲ್ಲ ಅಂತ ಖಾತ್ರಿಯಿರುವ ಅದೇ ಬ್ಯಾಚಿನ ಇನ್ನೊಂದನ್ನೂ ಚೆನ್ನಾಗಿ ಅಲ್ಲಾಡಿಸಿ ಪಕ್ಕದಲ್ಲಿಡಿ. ಅರ್ಧ ಗಂಟೆಯಲ್ಲಿ ಒಂದರಲ್ಲಿ ಮಾತ್ರ ಮೇಲೆ ತಿಳಿನೀರು, ತಳದಲ್ಲಿ ಗಷ್ಟು ಬಂದರೆ ಅದನ್ನ ಬಿಸಾಕಿ.

ಎರಡನೇದು ಡೋಸ್. ಮೊದಲ ಸಲ ಎರಡು ಡೋಸ್ ಅಂತ ಲೇಬಲ್ ಹೇಳಿದರೆ 4ರಿಂದ 6 ವಾರದ ಅಂತರದಲ್ಲಿ ಎರಡೂ ಆಗಬೇಕು. ಒಂದೇ ಹಾಕಿ ವರ್ಷ ಬಿಟ್ಟು ಬಂದರೆ ಮತ್ತೆ ಮೊದಲಿನಿಂದ. ಕರು ತೀರಾ ಎಳೆಯದಾಗಿದ್ದಾಗ ಹಾಕಿದ್ದರೆ ತಾಯಿಯ ಪ್ರತಿಕಾಯವೇ ಲಸಿಕೆಯನ್ನ ನುಂಗಿರುತ್ತೆ.

ಸೂಕ್ಷ್ಮದರ್ಶಿ:
ಆಂಥ್ರಾಕ್ಸ್ ಲಸಿಕೆಗೆ ಈ ಲೆಕ್ಕ ಹೊಂದುವುದಿಲ್ಲ. ಅದು ಜೀವಂತ ಬೀಜಕ, ವಿಷ ಮಾಡಬಲ್ಲದು, ಪೊರೆ ಮಾತ್ರ ಕಳೆದುಕೊಂಡಿದೆ. ಲಸಿಕೆಯ ಹಿಂದುಮುಂದಿನ ವಾರದಲ್ಲಿ ಪೆನಿಸಿಲಿನ್ ಕೊಟ್ಟರೆ ಲಸಿಕೆಯೇ ಸಾಯುತ್ತದೆ. ಚಪ್ಪೆಯ ಲಸಿಕೆ ಸತ್ತದ್ದು, ಅದರ ಜೊತೆಗೆ ಪೆನಿಸಿಲಿನ್ ಕೊಡಬಹುದು. ಹಿಂಡಿನಲ್ಲಿ ಒಂದು ಕರು ಚಪ್ಪೆಯಿಂದ ಸತ್ತಾಗ ಉಳಿದವಕ್ಕೆ ಅದೇ ದಿನ ಎರಡೂ ಬೀಳುವುದು ಹಾಗಾಗಿಯೇ: ಲಸಿಕೆ ಕೆಲಸ ಶುರುಮಾಡುವ 10ರಿಂದ 14 ದಿನದ ಕಂದಕವನ್ನು ದೀರ್ಘಾವಧಿ ಪೆನಿಸಿಲಿನ್ ದಾಟಿಸುತ್ತದೆ. ಎರಡನ್ನೂ ಬೇರೆ ಬೇರೆ ಸಿರಿಂಜಿನಲ್ಲಿ, ಕುತ್ತಿಗೆಯ ಬೇರೆ ಬೇರೆ ಬದಿಗೆ.